ಬೆಳಿಗ್ಗೆ ಮಾತ್ರ ನಿಲ್ಲುವ ಕಂಪ್ಯೂಟರು

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿಯ ಗುರುಗಳಿಗೆ ಎಂಬತ್ತು ದಾಟಿತ್ತು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಅಜ್ಜಾರು ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಕೂತು ಮಾತಾಡುವರು. ಶಿಷ್ಯ ಅಡಿವೆಪ್ಪ ಕಿಟಕಿಯ ಒಳಗೆ ಕೂತು ಅದನ್ನು ಕಂಪ್ಯೂಟರಿಗೆ ಇಳಿಸುವನು. ಹನ್ನೊಂದು ವರ್ಷದಿಂದ ಆ ಜಾಗ ಅವನದು.

ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದ. ಅಜ್ಜಾರು ಆ ಬೆರಳಿಗಾಗಿ ಕಾಯುತ್ತಿದ್ದರು. ಗುರುಗಳು ತನಗಾಗಿ ಕಾಯುತ್ತಾರೆ ಎಂಬುದಕ್ಕಿಂತ ದೊಡ್ಡ ಸುಖ ಅಡಿವೆಪ್ಪನಿಗೆ ಬೇರೆ ಇರಲಿಲ್ಲ.

ಕಂಪ್ಯೂಟರು ಭಕ್ತರೊಬ್ಬರ ಮನೆಯಲ್ಲಿ ಮಕ್ಕಳೆಲ್ಲ ಆಡಿ ಬಿಟ್ಟದ್ದು. ಮನೆಗೆ ಹೊಸದು ಬಂದ ಮೇಲೆ ಹಳೆಯದನ್ನು ಆಶ್ರಮಕ್ಕೆ ಕೊಟ್ಟು ಪುಣ್ಯ ಕಟ್ಟಿಕೊಂಡಿದ್ದರು. ಬೆಳಿಗ್ಗೆ ಗುಂಡಿ ಒತ್ತಿ ಸ್ನಾನಕ್ಕೆ ಹೋದರೆ, ಬರುವ ಹೊತ್ತಿಗೆ ಅದು ಎದ್ದಿರುತ್ತಿತ್ತು. ಹೇಗೋ ನಡೆಯುತ್ತಿತ್ತು.

ಆ ಬೇಸಿಗೆಯಲ್ಲಿ ಮುರಿಗೆಪ್ಪ ಬಂದ.

ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದು ನಿವೃತ್ತನಾದವನು. ಹತ್ತೂ ಬೆರಳು ಆಡಿಸುವನು, ಕೀಲಿಗಳ ಕಡೆ ನೋಡುವುದೂ ಇಲ್ಲ. ವಯಸ್ಸಿನಲ್ಲಿ ದೊಡ್ಡವನಾದರೂ ಆಶ್ರಮಕ್ಕೆ ಆಮೇಲೆ ಬಂದವನೆಂದು ಅಡಿವೆಪ್ಪನಿಗೆ ‘ಅಣ್ಣಾರ’ ಎನ್ನುತ್ತಿದ್ದ. ಆ ವಿನಯವೂ ಅಡಿವೆಪ್ಪನಿಗೆ ಚುಚ್ಚುತ್ತಿತ್ತು.

ಅಜ್ಜಾರು ಇಬ್ಬರನ್ನೂ ಕರೆದರು. ಮಳೆ ಹಿಡಿಯುವುದರೊಳಗೆ ತಾವು ಹೇಳಿ ಬರೆಸುತ್ತಿರುವ ಪುಸ್ತಕ ಮುಗಿಯಬೇಕು, ಆಮೇಲೆ ತಮ್ಮ ದನಿ ಉಳಿಯುವ ಭರವಸೆ ಇಲ್ಲ ಎಂದರು. ಬೆಳಿಗ್ಗೆ ಅಡಿವೆಪ್ಪ ಕೂರಲಿ, ಮಧ್ಯಾಹ್ನ ಮುರಿಗೆಪ್ಪ ಕೂರಲಿ ಎಂದರು.

ಅಡಿವೆಪ್ಪ ತಲೆಯಾಡಿಸಿದ.

ಆ ಆಶ್ರಮದಲ್ಲಿ ಗ್ರಂಥಗಳನ್ನು ಬರಿದೇ ಇಡುವುದಿಲ್ಲ. ಪ್ರತಿಯೊಂದಕ್ಕೂ ಕಾವಿ ಬಟ್ಟೆ ಸುತ್ತಿ, ಓದುವವರು ತಮ್ಮ ಗಂಟು ಹಾಕಿಡುತ್ತಾರೆ. ಇನ್ನೊಬ್ಬರ ಗಂಟು ಬಿಚ್ಚಿದವರು ಓದಿ ಮುಗಿಸಿ, ಅದೇ ಗಂಟನ್ನು ಹಾಗೆಯೇ ಹಾಕಬೇಕು. ಅದು ಅಲ್ಲಿಯ ಪದ್ಧತಿ.

ಅದೇ ಸಂಜೆ ಅಡಿವೆಪ್ಪ ತನಗೆ ದೀಕ್ಷೆಯ ದಿನ ಅಜ್ಜಾರು ಹೊದಿಸಿದ ಕಾವಿ ಬಟ್ಟೆಯನ್ನು ತಂದ. ಕಂಪ್ಯೂಟರಿನ ಪೆಟ್ಟಿಗೆಗೆ ಅದನ್ನು ಎರಡು ಸುತ್ತು ಸುತ್ತಿದ. ಮುಂದೆ ಗುಂಡಿ, ಹಿಂದೆ ವೈರು ಕಾಣುವಷ್ಟು ಬಿಟ್ಟು ಬಿಗಿಯಾಗಿ ಮೂರು ಗಂಟು ಹಾಕಿದ.

ಯಾರಾದರೂ ಕೇಳಿದರೆ ಗುರುಗಳ ಮಾತು ಇರುವ ಪೆಟ್ಟಿಗೆ, ಅದೂ ಗ್ರಂಥವೇ ಎನ್ನುವನು. ಆದರೆ ಇದು ಯಾರದೆಂದು ಬಂದವನಿಗೆ ಗೊತ್ತಾಗಲಿ ಎಂದೇ ಕಟ್ಟಿದ್ದ.

ಮರುದಿನ ಬೆಳಿಗ್ಗೆ ಅಜ್ಜಾರು ಮಾತು ಶುರುಮಾಡಿ ಅರ್ಧ ಗಂಟೆ ಆಗಿರಲಿಲ್ಲ, ಪರದೆ ಕಪ್ಪಾಯಿತು. ಬರೆದದ್ದೆಲ್ಲ ಹೋಯಿತು. ಮತ್ತೆ ಶುರುಮಾಡಿದ, ಹತ್ತು ನಿಮಿಷಕ್ಕೆ ಮತ್ತೆ ಹೋಯಿತು. ಅಜ್ಜಾರು ಸ್ವಲ್ಪ ಹೊತ್ತು ಕಾದು ಎದ್ದು ಹೋದರು.

ಮಧ್ಯಾಹ್ನ ಮುರಿಗೆಪ್ಪ ಕೂತಾಗ ಎರಡು ಗಂಟೆ ಎಲ್ಲೂ ನಿಲ್ಲಲಿಲ್ಲ.

ದಿನವೂ ಹೀಗೇ. ತಂಪು ಹೊತ್ತಿನಲ್ಲಿ ಸಾಯುವ ಯಂತ್ರ, ಸುಡುವ ಹೊತ್ತಿನಲ್ಲಿ ನಗುನಗುತ್ತ ನಡೆಯುತ್ತಿತ್ತು. ಅಡಿವೆಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಮುರಿಗೆಪ್ಪ ಬಾಗಿಲಿಗೆ ಬಂದರೆ ಸಾಕು, ಇವನು ಎದ್ದು ಹೊಳೆಯ ಮೆಟ್ಟಿಲ ಮೇಲೆ ಆಶ್ರಮಕ್ಕೆ ಬೆನ್ನು ಮಾಡಿ ಕೂರುತ್ತಿದ್ದ.

ಅವನೇನು ಸುಮ್ಮನಿರಲಿಲ್ಲ. ಪ್ಲಗ್ಗು ಬದಲಿಸಿದ. ಬಟ್ಟೆ ಬಿಚ್ಚಿ, ಪೆಟ್ಟಿಗೆ ತೆರೆದು, ಒಳಗಿನ ಮೆಮೊರಿ ಪಟ್ಟಿಯನ್ನು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ. ಆ ಹೊತ್ತು ಚೆನ್ನಾಗಿ ನಡೆಯಿತು. ಖುಷಿಯಿಂದ ಮತ್ತೆ ಬಟ್ಟೆ ಕಟ್ಟಿದ. ಮರುದಿನ ಬೆಳಿಗ್ಗೆ ಮತ್ತೆ ಕಪ್ಪು.

ಊರಿನ ರಿಪೇರಿಯವನ ಹತ್ತಿರ ಹೊತ್ತುಕೊಂಡು ಹೋದ. ಅವನು ಬಟ್ಟೆ ತೆಗೆದಿಟ್ಟು ದಿನವಿಡೀ ಓಡಿಸಿ ನೋಡಿ, ಇದರಲ್ಲಿ ದೋಷವೇ ಇಲ್ಲ ಎಂದ. ಕೊನೆಗೆ ಅಡಿವೆಪ್ಪ ಪರದೆಗೆ ವಿಭೂತಿಯನ್ನೂ ಹಚ್ಚಿದ. ವಿಭೂತಿ ಹಚ್ಚಿಕೊಂಡೇ ಅದು ನಿಂತಿತು.

ಎರಡು ತಿಂಗಳಾಯಿತು. ಒಂದು ಸಂಜೆ ಕದ್ದು ಎಣಿಸಿ ನೋಡಿದ. ಮುರಿಗೆಪ್ಪನವು ನೂರಾ ಹತ್ತು ಪುಟ, ತನ್ನವು ಒಂಬತ್ತು. ಮುಂಗಾರಿಗೆ ಹದಿನೈದು ದಿನ ಇತ್ತು.

ಅಡಿವೆಪ್ಪ ಕಟ್ಟೆಯ ಹತ್ತಿರ ಹೋಗಿ ನಿಂತ.

“ಅಜ್ಜಾರ, ಮುರಿಗೆಪ್ಪನ್ನ ಆ ಖೋಲಿಗೆ ಬಿಡಬ್ಯಾಡ್ರಿ. ಅಂವ ಏನೋ ಮಾಡಿ ಹೋಗತಾನ. ಅಂವ ಬಂದಾಗಿಂದನ ಹಿಂಗ ಆಗಾಕ ಹತ್ತೈತಿ.”

“ಏನ್ ಮಾಡತಾನ?”

“ಗೊತ್ತಿಲ್ರಿ.”

“ಮಧ್ಯಾಹ್ನ ಅದು ನಡಿಯೂದನ್ನ ಒಂದ್ ದಿನಾನರ ನೋಡೀ ಏನು?”

“ಇಲ್ರಿ.”

“ನಾಳೆ ಬೀಸಣಿಕಿ ತಗೊಂಡು ಅವನ ಬಾಜೂ ಕುಂಡ್ರು. ಖೋಲ್ಯಾಗ ಭಾಳ ಸೆಕಿ. ಅವಂಗ ಗಾಳಿ ಹಾಕು.”

ಹನ್ನೊಂದು ವರ್ಷದ ಶಿಷ್ಯ ಎರಡು ತಿಂಗಳವನಿಗೆ ಗಾಳಿ ಹಾಕಬೇಕು. ಅಡಿವೆಪ್ಪನಿಗೆ ಅಳು ಬಂತು. ಆದರೂ ಮರುದಿನ ಬೀಸಣಿಕೆ ಹಿಡಿದು ಹೋದ. ಅವನ ಕಳ್ಳಾಟ ಹಿಡಿದೇ ಬಿಡುತ್ತೇನೆ ಎಂಬ ಆಸೆಯೂ ಒಳಗಿತ್ತು.

ಮುರಿಗೆಪ್ಪ ಬಂದವನು ಕೈಮುಗಿದು ಕೂತ. ಮೊದಲು ಮೂರು ಗಂಟನ್ನೂ ನಿಧಾನವಾಗಿ ಬಿಚ್ಚಿದ. ಬಟ್ಟೆಯನ್ನು ಮಡಚಿ, ಕಣ್ಣಿಗೊತ್ತಿಕೊಂಡು, ಪಕ್ಕದ ಹಲಗೆಯ ಮೇಲಿಟ್ಟ. ಪೆಟ್ಟಿಗೆಯ ಹಿಂದೆ ಅಂಗೈ ಹಿಡಿದು ಗಾಳಿ ಬರುವುದನ್ನು ನೋಡಿದ. ಆಮೇಲೆ ಕಿಟಕಿಯ ಕಡೆ ತಿರುಗಿ, ಶುರುಮಾಡಬಹುದು ಎಂದು ಅಜ್ಜಾರಿಗೆ ಹೇಳಿದ.

ಎರಡು ಗಂಟೆ ಯಂತ್ರ ನಿಲ್ಲಲಿಲ್ಲ. ಹಲಗೆಯ ಮೇಲಿನ ಬಟ್ಟೆ ನೋಡುತ್ತ ಅಡಿವೆಪ್ಪ ಗಾಳಿ ಬೀಸುವುದನ್ನೇ ಮರೆತ.

ಕೆಲಸ ಮುಗಿದ ಮೇಲೆ ಮುರಿಗೆಪ್ಪ ಬಟ್ಟೆ ಎತ್ತಿಕೊಂಡು ಮತ್ತೆ ಸುತ್ತತೊಡಗಿದ. ಮೊದಲಿದ್ದಂತೆಯೇ ಎರಡು ಸುತ್ತು, ಬಿಗಿಯಾಗಿ ಮೂರು ಗಂಟು.

“ಮತ್ಯಾಕ ಕಟ್ಟತೀರಿ?” ಅಡಿವೆಪ್ಪ ಕೇಳಿದ.

“ನಿಮ್ಮ ಗಂಟಲ್ರಿ ಅಣ್ಣಾರ. ಹೆಂಗ ಇತ್ತೋ ಹಂಗ ಇಡಬೇಕಲ್ಲ.”

“ಸುತ್ತಿದ್ರ ಇದು ನಿಲ್ಲತೈತಿ ಅಂತ ಗೊತ್ತಿತ್ತೇನು?”

“ಕೋರ್ಟಿನ್ಯಾಗ ಇಂಥಾದ್ದ ಒಂದಿತ್ರಿ. ಸುತ್ತ ಫೈಲ್ ಒಟ್ಟಿದ್ರ ಕಾದು ಬಂದ್ ಬೀಳತಿತ್ತು. ಮೊದಲನೇ ದಿನಾನ ನಿಮಗ ಹೇಳಾಕ ಬಂದೆ, ನೀವು ಎದ್ದು ಹೋದ್ರಿ. ಮರುದಿನಾನೂ ಎದ್ದು ಹೋದ್ರಿ. ಆಮ್ಯಾಲ ನನಗ ಧೈರ್ಯ ಆಗಲಿಲ್ರಿ.”

ಮುರಿಗೆಪ್ಪ ಈಗಷ್ಟೇ ಹಾಕಿದ ಗಂಟುಗಳನ್ನು ಅಡಿವೆಪ್ಪ ತಾನೇ ಬಿಚ್ಚಿದ. ಬಟ್ಟೆಯನ್ನು ಹಿಡಿದುಕೊಂಡು ಕಟ್ಟೆಗೆ ಹೋದ.

“ದೋಷ ಸಿಕ್ತೇನೋ ತಮ್ಮಾ?”

“ಸಿಕ್ತ್ರಿ ಅಜ್ಜಾರ. ನಾನ ಕಟ್ಟಿದ್ದು.”

ಆದದ್ದೆಲ್ಲ ಹೇಳಿದ. ಯಾಕೆ ಕಟ್ಟಿದೆ ಎಂಬುದನ್ನೂ ಮುಚ್ಚಿಡದೆ ಹೇಳಿದ. ಇನ್ನು ಬೆಳಿಗ್ಗೆಯೂ ಮುರಿಗೆಪ್ಪನೇ ಕೂರಲಿ, ಮಳೆಗೆ ಮುಂಚೆ ಪುಸ್ತಕ ಮುಗಿದೀತು ಎಂದ. ಹೇಳಿದನೇ ಹೊರತು, ಮನಸ್ಸಿಗೆ ಇನ್ನೂ ಅದು ಬೇಡವಾಗಿತ್ತು.

ಅಜ್ಜಾರು ಬೇಡವೆಂಬಂತೆ ತಲೆ ಅಲ್ಲಾಡಿಸಿದರು.

“ಬೆಳಗಿಂದು ನಿಂದ. ನಿನ್ನ ಬೆರಳಿಗೆ ಕಾಯೋವಾಗ ನನಗ ಮುಂದಿನ ಮಾತು ಹೊಳಿತೈತಿ.”

ಅಡಿವೆಪ್ಪ ಬಟ್ಟೆಯಲ್ಲಿ ಮುಖ ಒರೆಸಿಕೊಂಡ. ಆಮೇಲೆ ಕೇಳಿದ.

“ಅಜ್ಜಾರ, ಈ ಬಟ್ಟಿದು ನಿಮಗ ಮೊದಲ ಗೊತ್ತಿತ್ತೇನ್ರಿ?”

“ಕಂಪ್ಯೂಟರಿಂದು ನನಗೇನ್ ತಿಳೀತೈತಿ? ದಿನಾ ಮಧ್ಯಾಹ್ನ ನೀ ಹೊಳಿ ನೋಡಕೋಂತ ಕುಂಡ್ರೂದು ಕಾಣತಿತ್ತು. ಬ್ಯಾಸಗಿಪೂರ್ತಿ ಹೊಳ್ಯಾಗ ನೀರ ಇರಲಿಲ್ಲ.”