ಗಣಿತ ಸಮ್ಮೇಳನಕ್ಕೆ ನಾನು ತಂದ ವಿದೇಶಿ

ನಂಬದಿದ್ದರೆ ನಮ್ಮ ಕಾಲೇಜಿಗೆ ಬಂದು ಗೋಡೆ ಮೇಲಿನ ಫೋಟೋ ನೋಡಿ.

ಅಂತರರಾಷ್ಟ್ರೀಯ ಗಣಿತ ಸಮ್ಮೇಳನದ ಹಿಂದಿನ ದಿನ, ಬರಬೇಕಿದ್ದ ಒಬ್ಬನೇ ವಿದೇಶಿ ಕೈಕೊಟ್ಟ. ವಿಭಾಗದ ಮುಖ್ಯಸ್ಥ ಗಂಗಾಧರಪ್ಪ ಗುತ್ತಿಗೆ ಗುಮಾಸ್ತನಾದ ನನ್ನ ಮೇಲೆ ಹಾರಾಡಿದರು: “ಲೋ ಹಳ್ಳಿ ಗುಗ್ಗು, ನಾಳೆ ವೇದಿಕೆ ಮೇಲೆ ವಿದೇಶಿ ಇಲ್ಲದಿದ್ದರೆ ನಿನ್ನ ಕೆಲಸ ಹೋಯ್ತು!”

ಮೈಯೆಲ್ಲ ಉರಿದುಹೋಯಿತು. ಆದರೆ ನಾನು ಯಾರು! ಬೆಳಿಗ್ಗೆ ನೇಪಾಳದ ಥಾಪಾ ಅವರನ್ನು ವೇದಿಕೆ ಮೇಲೆ ಕೂರಿಸಿದೆ. ಗಂಗಾಧರಪ್ಪ ಪೇಟ ತೊಡಿಸಿ, ಶಾಲು ಹೊದಿಸಿ, ಬಗ್ಗಿ ಕೈಮುಗಿದರು.

“ದಿನಾ ಗೇಟಲ್ಲಿ ಸಿಗ್ತೀವಲ್ಲ ಸಾರ್,” ಎಂದರು ಥಾಪಾ.

ಏಳು ವರ್ಷದಿಂದ ಸೆಲ್ಯೂಟ್ ಹೊಡೆಯುವ ಕಾವಲುಗಾರನ ಮುಖವನ್ನು ಆ ಮಹಾನುಭಾವ ಒಮ್ಮೆಯೂ ನೋಡಿರಲಿಲ್ಲ!

“ಏನೋ ಇದು?” ಎಂದು ನನ್ನತ್ತ ತಿರುಗಿ ಹಲ್ಲು ಕಡಿದರು.

“ವಿದೇಶಿ ಕೇಳಿದ್ರಿ, ತಂದಿದ್ದೀನಿ. ಇವರು ಯಾರು ಅಂತ ಮೈಕಲ್ಲಿ ಹೇಳ್ಲಾ ಸಾರ್?”

ಸಂಜೆ ನನ್ನ ಕೈಗೆ ಇನ್ನೊಂದು ವರ್ಷದ ನೇಮಕ ಆದೇಶ ಕೊಟ್ಟರು.