ಆರನೇ ಮನೆ

ಹೊಳೆದಂಡೆಯ ಕಾಟಯ್ಯ ತಾತ ಯಾರಿಗೂ ಮಂತ್ರ ಹೇಳಿಕೊಟ್ಟವನಲ್ಲ. ಪ್ರಾಯದಲ್ಲಿ ಜಹಗೀರುದಾರರ ಬೇಟೆಗಾರನಾಗಿದ್ದ. ಮುಪ್ಪು ಬಂದ ಮೇಲೆ ಕೋವಿ ಕೆಳಗಿಟ್ಟು, ಹಣೆಗೆ ಬೂದಿ ಬಳಿದುಕೊಂಡು, ದಂಡೆಯ ಮೇಲೊಂದು ಗುಡಿಸಲು ಹಾಕಿಕೊಂಡ. ಜನ ಅದನ್ನೇ ಮಠ ಅಂದರು. ನಮ್ಮ ಜನಕ್ಕೆ ಬೂದಿ ಕಂಡರೆ ಸಾಕು.

ತಾತನ ಬಾಯಲ್ಲಿ ನೇರ ಮಾತು ಬಂದದ್ದು ಅಪರೂಪ. ಒಂದು ಕೇಳಿದರೆ ಇನ್ನೊಂದು ಹೇಳುತ್ತಿದ್ದ. ಅದನ್ನು ಮಠಕ್ಕೆ ಬಂದು ಕೂರುವ ನಾವೆಲ್ಲ ಜ್ಞಾನ ಅನ್ನುತ್ತಿದ್ದೆವು.

ಬೇಸಿಗೆಯ ಒಂದು ಬೆಳಿಗ್ಗೆ ಗಾದಿಲಿಂಗ ಬಂದು ತಾತನ ಕಾಲಿಗೆ ಬಿದ್ದ. ಮೂವತ್ತರ ಗಂಡಸು. ಊರಿನಲ್ಲಿ ಗುರಿಗೆ ಅವನೇ ಮುಂದು.

"ಏಳಪ್ಪಾ. ಏನಾಗೈತೆ?"

"ಹೊಳೆ ಮರಳಿನಾಗೆ ಕಲ್ಲಂಗಡಿ ಹಾಕೀವಲ್ಲ ತಾತ, ಅಲ್ಲಿ ನೀರು ಹೊರೋ ಇಬ್ಬರು ಹೆಣ್ಣುಮಕ್ಕಳನ್ನ ಒಂಟಿ ಹಂದಿ ಸೀಳಿ ಹಾಕೈತೆ. ಒಬ್ಬಾಕಿ ಹೋಗೇಬಿಟ್ಟಳು. ಯಾರೋ ಪುಣ್ಯಾತ್ಮ ಅದಕ್ಕೆ ಗುಂಡು ಹೊಡೆದು, ಬರೀ ಗಾಯ ಮಾಡಿ ಬಿಟ್ಟಾನೆ. ಈಗ ಅದು ಕರಿಗುಡ್ಡದ ಬಂಡೆ ಸಂದಿನಾಗೆ ಸೇರ್ಕೊಂಡೈತೆ."

"ನಿನ್ನ ಕೋವಿ ಏನಾತು?"

"ಆ ಸಂದಿನಾಗೆ ಉದ್ದನೆ ಕೋವಿ ತಿರುಗಲ್ಲ ತಾತ. ನಿಮ್ಮ ರಿವಾಲ್ವರ್ ಬೇಕು. ಅದಕ್ಕೆ ಯಾವ ಗುಂಡು ಹಾಕಬೇಕು ಅಂತಲೂ ನೀವೇ ಹೇಳಬೇಕು."

"ಜೊತೆಗೆ ಯಾರು ಬರ್ತಾರೆ?"

"ನಮ್ಮ ಭಾವ ಕೆಂಚಪ್ಪ. ನಾಯಿ ಹಿಡ್ಕೊಂಡು ಮುಂದೆ ಹೋಗೋನು ಆತನೇ. ಹೆಜ್ಜೆ ನೋಡೋದ್ರಾಗೆ ಆತನ ಸಮ ಯಾರೂ ಇಲ್ಲ."

ಗಾದಿಲಿಂಗ ಊರಿನ ಕಡೆ ತಿರುಗಿ ನೋಡಿದ.

"ಬರೋವಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತಳು ತಾತ. 'ನನ್ನ ಗಂಡನ್ನ ಕರ್ಕೊಂಡು ಹೋಗೋನು ನೀನು, ಕರ್ಕೊಂಡು ಬರೋನೂ ನೀನೇ' ಅಂದಳು."

ತಾತ ಒಳಗೆ ಹೋಗಿ ಒಂದು ಹಳೇ ಮರದ ಪೆಟ್ಟಿಗೆ ತಂದ. ಜಹಗೀರುದಾರರು ಇನಾಮು ಕೊಟ್ಟ ರಿವಾಲ್ವರ್ ಅದು. ನಡುವೆ ತಿರುಗುವ ಉರುಳೆ, ಉರುಳೆಯಲ್ಲಿ ಆರು ತೂತು. ನಮ್ಮ ಕಡೆ ಆ ತೂತಿಗೆ ಮನೆ ಅನ್ನುತ್ತಾರೆ.

ಗಾದಿಲಿಂಗ ಸೊಂಟದ ಗಂಟು ಬಿಚ್ಚಿ ತಾನು ತಂದ ತೋಟಾಗಳನ್ನು ಚಾಪೆಯ ಮೇಲೆ ಸುರಿದ. ಥಳಥಳ ಅನ್ನುವ ಹೊಸ ಸರಕು. ಗುಂಡಿನ ಮೇಲೆ ತಾಮ್ರದ ಹೊದಿಕೆ.

"ಇದರಾಗೆ ಆನೇನೂ ಬೀಳುತ್ತೆ ಅಂದ ಪೇಟೆ ಅಂಗಡಿಯೋನು."

"ಹಾಕಿ ನೋಡು."

ಹಾಕಿದ. ಬೆಣ್ಣೆಯಲ್ಲಿ ಬೆರಳು ಇಳಿದಂತೆ ಇಳಿಯಿತು.

"ಕೂತಿತು ತಾತ!"

"ನಿಮ್ಮಪ್ಪನ ಕೆರ ನಿನ್ನ ಕಾಲಿಗೆ ಕೂಡುತ್ತಾ?"

"ಕೂಡುತ್ತೆ."

"ಹಂಗಂತ ನೀನು ನಿಮ್ಮಪ್ಪ ಆದ್ಯಾ?"

ಗಾದಿಲಿಂಗನಿಗೆ ತಿಳಿಯಲಿಲ್ಲ. ತಾತ ತನ್ನ ಎಡಗೈ ಎತ್ತಿ ತೋರಿಸಿದ. ಹೆಬ್ಬೆಟ್ಟು ಇತ್ತು, ಕಿರುಬೆರಳು ಇತ್ತು. ನಡುವಿನದೆಲ್ಲ ಬಯಲು.

"ಈ ರಿವಾಲ್ವರಿಗೆ ಒಬ್ಬ ಅಣ್ಣ ಇದ್ದ. ಇದರಂಗೇ ಹಳೇ ಕರಿಮದ್ದಿನ ಕಾಲದ್ದು. ಹೊಸ ಜೋರು ಮದ್ದಿನ ತೋಟಾ ಹಾಕಿದೆ, ಚಂದಾಗಿ ಕೂತಿತು. ಹೊಡೆದೆ. ಉರುಳೆ ಒಡೀತು."

"ಬೆರಳು?"

"ಹುಡುಕೋಕೆ ಹೋದೆ. ನನಗಿಂತ ಮೊದಲು ನಾಯಿ ಹೋಗಿತ್ತು."

ಗಾದಿಲಿಂಗ ತನ್ನ ತೋಟಾಗಳನ್ನು ಒಂದೊಂದಾಗಿ ತೆಗೆದು ಗಂಟು ಕಟ್ಟಿದ.

ಮಾರನೆಯ ದಿನ ತಾತ ಅವನಿಂದ ಒಂದು ಗೋಣಿಚೀಲಕ್ಕೆ ಹಸಿ ಜೇಡಿ ತುಂಬಿಸಿದ. ಚೀಲದ ಮುಂದೆ ಹಳೇ ಹಂದಿಯ ಹೆಗಲ ಚರ್ಮ ಕಟ್ಟಿಸಿದ. ಆ ಚರ್ಮ ಎರಡು ಬೆರಳು ದಪ್ಪ ಇತ್ತು. ಚೀಲವನ್ನು ಹೊಳೆಯ ಮಣ್ಣುದಡಕ್ಕೆ ಆನಿಸಿ ನಿಲ್ಲಿಸಿದ್ದಾಯಿತು.

ತಾತನ ಡಬ್ಬಿಯಲ್ಲಿ ಈ ರಿವಾಲ್ವರಿಗೆ ಒಗ್ಗುವ ತೋಟಾ ಎರಡು ತರದವಿದ್ದವು. ಒಂದರ ಗುಂಡಿಗೆ ಮೂತಿಯಲ್ಲಿ ಕುಳಿ. ಇನ್ನೊಂದರದು ಕುಳಿಯಿಲ್ಲದ, ಚಪ್ಪಟೆ ಮೂತಿಯ, ಭಾರದ ಸೀಸ.

"ಯಾವುದು?" ಅಂದ ತಾತ.

"ಕುಳಿ ಇರೋದು. ಒಳಗೆ ಹೋಗಿ ಅರಳುತ್ತೆ, ದೊಡ್ಡ ಗಾಯ ಆಗುತ್ತೆ."

"ಹೊಡಿ."

ಹೊಡೆದ. ಚರ್ಮ ಬಿಚ್ಚಿ ನೋಡಿದರೆ ಗುಂಡು ಜೇಡಿಯನ್ನು ಮುಟ್ಟೇ ಇಲ್ಲ. ಚರ್ಮದಲ್ಲೇ ಅರಳಿ ಕೂತಿದೆ.

"ಎಷ್ಟು ಚಂದ ಐತೆ ನೋಡು, ಹೂವು ಆಗೈತೆ," ಅಂದ ತಾತ. "ಹಂದಿ ಮುಡ್ಕೊಂಡು ನಿನ್ನ ಮೇಲೆ ಬರುತ್ತೆ."

ಆ ಪುಣ್ಯಾತ್ಮ ಹಂದಿಗೆ ಬರೀ ಗಾಯ ಮಾಡಿದ್ದು ಹೇಗೆ ಅಂತ ಗಾದಿಲಿಂಗನಿಗೆ ಆಗ ಹೊಳೆಯಿತು.

ಚಪ್ಪಟೆ ಮೂತಿಯದನ್ನು ಹೊಡೆದ. ಅದು ಚರ್ಮ ದಾಟಿತು, ಚೀಲ ದಾಟಿತು, ಹಿಂದಿನ ದಡದೊಳಗೆ ಹೊಕ್ಕಿತು.

"ಅಗಿ."

ಅಗೆದು ತೆಗೆದ. ಗುಂಡಿನ ಆಕಾರ ಕೆಟ್ಟಿರಲಿಲ್ಲ.

"ಎಷ್ಟು ಆಳ ಇತ್ತು?"

"ಒಂದು ಗೇಣು ತಾತ. ಇದೇ ಸರಿ. ಮೂಳೆ ಮುರಿದು ಗುಂಡಿಗೆಗೆ ಹೋಗುತ್ತೆ."

"ಹೌದು, ಇದೇ ಸರಿ."

ಅಷ್ಟು ಹೇಳಿ ತಾತ ಎದ್ದ. ಚೀಲವನ್ನು ದಡದಿಂದ ಈಚೆಗೆ ಎಳೆದ. ತಾನು ಹೋಗಿ ಚೀಲದ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತ.

"ಈಗ ಹೊಡಿ," ಅಂದ ಅಲ್ಲಿಂದಲೇ.

"ತಾತ!"

"ಯಾಕೋ? ಗುಂಡು ಸರಿ ಐತೆ ಅಂದೆಯಲ್ಲ."

ಗಾದಿಲಿಂಗನ ಕೈ ತಾನಾಗಿ ಇಳಿಯಿತು. ಕಣ್ಣಲ್ಲಿ ನೀರು ಬಂತು. ಹಂದಿಯ ಹಿಂದೆ ಏನಿದೆ ಅಂತ ನೋಡದೆ ಇನ್ನು ಜನ್ಮದಲ್ಲಿ ಹೊಡೆಯುವುದಿಲ್ಲ ಅಂತ ಆಣೆ ಮಾಡಿದ. ಕೆಂಚಪ್ಪ ಬದಿಗೆ ಸರಿದ ಮೇಲೇ, ಹಿಂದೆ ಮಣ್ಣು ಕಂಡರೇ ಹೊಡೆಯುವುದು ಅಂದ.

ಇಲ್ಲಿಯ ತನಕ ತಾತ ಒಳ್ಳೆಯ ಗುರುವೇ. ನಾನು ಇಲ್ಲ ಅನ್ನುವುದಿಲ್ಲ.

ಮೂರನೇ ದಿನ ಹೊರಡುವಾಗ ತಾತ ರಿವಾಲ್ವರ್ ಕೊಟ್ಟ. ಚಪ್ಪಟೆ ಮೂತಿಯ ಐದು ತೋಟಾ ಕೊಟ್ಟ.

"ಮನೆ ಆರು ಅವೆ ತಾತ."

"ಐದು ನಿನ್ನವು. ಆರನೇದು ದೇವರ ಮನೆ. ಅದನ್ನ ಖಾಲಿ ಬಿಡು. ಸೊಂಟಕ್ಕೆ ಸಿಗಿಸ್ಕೊಂಡಾಗ ಕುದುರೆ ಅದರ ಮೇಲೇ ಕೂತಿರಬೇಕು."

ಕುದುರೆ ಅಂದರೆ ತೋಟಾದ ಬೆನ್ನಿಗೆ ಬಡಿಯುವ ಕಬ್ಬಿಣದ ಕೊಂಡಿ. ಹಳೇ ಬೇಟೆಗಾರರೆಲ್ಲ ಈ ಮಾತನ್ನು ಹೀಗೇ ಹೇಳುತ್ತಿದ್ದರು. ದೇವರ ಮನೆ, ಖಾಲಿ ಬಿಡು.

"ಯಾಕೆ ತಾತ?" ಅಂದ ಗಾದಿಲಿಂಗ.

ತಾತ ನಕ್ಕ.

"ದೇವರ ಮನೇನ ಯಾಕೆ ಅಂತ ಕೇಳ್ತಾರೇನೋ?"

ಗಾದಿಲಿಂಗ ನಾಚಿಕೊಂಡು ಕೈ ಮುಗಿದ.

ಊರಿಗೆ ಬಂದರೆ ಅಕ್ಕ ದುರುಗಮ್ಮ ಕಾಯುತ್ತಿದ್ದಳು. ಅವನು ಮನೆಯಲ್ಲಿ ಬಿಟ್ಟುಹೋಗಿದ್ದ ತಾಮ್ರದ ಹೊದಿಕೆಯ ತೋಟಾ ಒಂದು ಅವಳಿಗೆ ಸಿಕ್ಕಿತ್ತು. ಅದನ್ನು ಅವಳು ಊರಮ್ಮನ ಪಾದದ ಹತ್ತಿರ ಒಂದು ದಿನ ಇಟ್ಟು, ಅರಿಶಿನ ಕುಂಕುಮ ಹಚ್ಚಿ ತಂದಿದ್ದಳು.

"ತಗೋ. ಅಮ್ಮನ ಅಪ್ಪಣೆ ಆಗೈತೆ. ಬಲಗಡೆ ಹೂವು ಕೊಟ್ಟಳು."

"ಇದು ಈ ರಿವಾಲ್ವರಿಗೆ ಆಗಲ್ಲ ಅಕ್ಕ. ಹೊಡೆದರೆ ಒಡೀತೈತೆ. ಅಲ್ಲದೆ ಹಾಕೋದು ಐದೇ. ಆರನೇದು ದೇವರ ಮನೆ."

ದುರುಗಮ್ಮ ಹಣೆ ಬಡಿದುಕೊಂಡಳು.

"ಅಯ್ಯೋ ಹುಚ್ಚಪ್ಪಾ! ದೇವರ ಮನೆ ಅಂದಮೇಲೆ ಅಲ್ಲಿ ದೇವರದ್ದಲ್ಲದೆ ಇನ್ನೇನು ಇಡ್ತಾರೋ? ದೀಪ ಇಲ್ಲದ ದೇವರ ಮನೆ ಎಲ್ಲಾನ ಐತಾ? ಇವತ್ತು ನಿಮ್ಮ ಭಾವ ಮುಂದೆ ಹೋಗೋದು, ಖಾಲಿ ದೇವರ ಮನೆ ಇಟ್ಕೊಂಡು ಹೋಗ್ತೀಯಾ?"

ಗಾದಿಲಿಂಗ ಯೋಚನೆ ಮಾಡಿದ. ಅಕ್ಕನ ಮಾತು ಸರಿ ಅನ್ನಿಸಿತು. ಆ ತೋಟಾವನ್ನು ತಾನು ಹೊಡೆಯುವುದಿಲ್ಲವಲ್ಲ. ಐದು ಮುಗಿದರೆ ನಿಲ್ಲಿಸಿಬಿಡುತ್ತೇನೆ. ಅದು ಅಮ್ಮನದು, ಅಮ್ಮನ ಮನೆಯಲ್ಲಿ ಸುಮ್ಮನೆ ಇರುತ್ತದೆ, ನಮ್ಮನ್ನು ಕಾಯುತ್ತದೆ ಅಂದುಕೊಂಡ.

ಕಣ್ಣಿಗೊತ್ತಿಕೊಂಡು ಆರನೇ ಮನೆಗೆ ಹಾಕಿದ. ತಾತ ಹೇಳಿದಂತೆ ಕುದುರೆಯನ್ನು ಅದರ ಮೇಲೇ ಕೂರಿಸಿದ.

ಅವನನ್ನು ಬೈಯಬೇಡಿ. ನನ್ನ ಅಕ್ಕ ಕೊಟ್ಟಿದ್ದರೆ ನಾನೂ ಹಾಕುತ್ತಿದ್ದೆ.

ಬಿಸಿಲೇರುವ ಮೊದಲೇ ಇಬ್ಬರೂ ಕರಿಗುಡ್ಡ ಹತ್ತಿದರು. ಕೆಂಚಪ್ಪ ಎರಡು ನಾಯಿ ಹಿಡಿದು ಹತ್ತು ಮಾರು ಮುಂದಿದ್ದ. ಗಾದಿಲಿಂಗ ಹೇಳಿಸಿಕೊಂಡದ್ದನ್ನೆಲ್ಲ ನೆನಪಿಟ್ಟುಕೊಂಡೇ ನಡೆದ. ಮಣ್ಣು ಎಲ್ಲಿದೆ, ಬಂಡೆ ಎಲ್ಲಿದೆ, ಭಾವ ಎಲ್ಲಿದ್ದಾನೆ.

ಒಂದು ಕಡೆ ಬಂಡೆಯಿಂದ ಬಂಡೆಗೆ ನೆಗೆಯಬೇಕಾಗಿತ್ತು. ನೆಗೆದ. ಸೊಂಟದಿಂದ ರಿವಾಲ್ವರ್ ಜಾರಿತು. ಕುದುರೆ ಕಲ್ಲಿಗೆ ಬಡಿಯಿತು.

ಸದ್ದಿಗೆ ಗುಡ್ಡವೆಲ್ಲ ಗುಂಯ್ ಅಂದಿತು.

"ಯಾಕೋ, ಕಂಡಿತೇನೋ?" ಅಂದ ಕೆಂಚಪ್ಪ, ತಿರುಗದೆ. ಆಮೇಲೆ ಮೆಲ್ಲಗೆ ಕೂತ. ಗುಂಡು ಬೆನ್ನಲ್ಲಿ ಹೊಕ್ಕು ಎದೆಯಲ್ಲಿ ಹೊರಬಂದಿತ್ತು. ನಾಯಿಗಳ ಹಗ್ಗವನ್ನು ಅವನು ಕೊನೆಯ ತನಕ ಬಿಡಲಿಲ್ಲ.

ಹೆಣ ತರಲು ಹೋದ ಊರವರು ಸಂದಿಯಲ್ಲಿ ಇಣುಕಿ ನೋಡಿದರು. ಹಂದಿ ಎರಡು ದಿನದ ಹಿಂದೆಯೇ ಸತ್ತು ನಾರುತ್ತಿತ್ತು. ಅಯ್ಯೋ, ಇದಕ್ಕೆ ಏನನ್ನಬೇಕು?

ಮಣ್ಣು ಮಾಡಿ ಬಂದ ಮೇಲೆ ಗಾದಿಲಿಂಗ ಮಠಕ್ಕೆ ಬಂದ. ರಿವಾಲ್ವರನ್ನು ತಾತನ ಮುಂದಿಟ್ಟ.

"ನಾನು ಬೆರಳು ಇಡಲೇ ಇಲ್ಲ ತಾತ. ಕಲ್ಲಿಗೆ ಬಿತ್ತು. ತಾನೇ ಹಾರಿತು."

ತಾತ ಉರುಳೆ ತೆರೆದ. ಐದು ತೋಟಾ ಹಾಗೇ ಇದ್ದವು. ಆರನೇ ಮನೆ ಬಿರುಕು ಬಿಟ್ಟಿತ್ತು. ಅದರೊಳಗಿಂದ ಖಾಲಿ ತೋಟಾದ ಕೊಳವೆ ತೆಗೆದ. ಬೆರಳಿಗೆ ಅರಿಶಿನ ಹತ್ತಿತು.

"ಇದನ್ನ ಯಾರು ಇಟ್ಟರು?"

ಗಾದಿಲಿಂಗ ಎಲ್ಲ ಹೇಳಿದ.

"ಖಾಲಿ ಬಿಡು ಅಂದಿದ್ದೆನಲ್ಲೋ."

"ಯಾಕೆ ಅಂತ ಕೇಳಿದೆನಲ್ಲ ತಾತ."

ತಾತ ಖಾಲಿ ಕೊಳವೆಯನ್ನು ಕೆಳಗಿಟ್ಟ. ಹೊಳೆಯ ಕಡೆ ನೋಡಿದ. ಅವನಿಗೆ ಒಗಟು ಒದಗದೆ ಹೋದದ್ದನ್ನು ನಾವು ನೋಡಿದ್ದು ಅದೇ ಮೊದಲು.

"ಕುದುರೆ ತೋಟಾದ ಬೆನ್ನ ಮೇಲೇ ಕೂತಿರುತ್ತೆ," ಅಂದ ಕೊನೆಗೆ. "ಕೆಳಗೆ ಬಿದ್ದರೆ ತೋಟಾಕ್ಕೆ ಪೆಟ್ಟು ಬೀಳುತ್ತೆ, ಹಾರುತ್ತೆ. ಖಾಲಿ ಮನೆ ಮೇಲೆ ಕೂತಿದ್ದರೆ ಹಾರೋಕೆ ಏನೂ ಇರಲ್ಲ. ಅದಕ್ಕೆ ಖಾಲಿ ಬಿಡೋದು."

"ಅಷ್ಟೇನಾ?"

"ಅಷ್ಟೇ."

"ದೇವರಿಗೂ ಅದಕ್ಕೂ?"

"ಏನೂ ಸಂಬಂಧ ಇಲ್ಲ. ಹಳಬರು ಅಂತಿದ್ದರು, ನಾನೂ ಅಂದೆ."

"ಇಷ್ಟು ಹೇಳೋಕೆ ಎಷ್ಟು ಹೊತ್ತು ಬೇಕಾಗಿತ್ತು ತಾತ?"

ಗಾದಿಲಿಂಗ ಅಲ್ಲೇ ಅಂಗಳದಲ್ಲಿ ಮುಖ ಮುಚ್ಚಿಕೊಂಡು ಹೋ ಅಂತ ಅತ್ತ. ಊರಿಗೆ ಹೋಗಿ ಅಕ್ಕನ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಮಠದಲ್ಲೇ ಉಳಿದ.

ಹನ್ನೊಂದನೇ ದಿನದ ಕಾರ್ಯ ಕಳೆದ ಮೇಲೆ ದುರುಗಮ್ಮ ತಾನೇ ಬಂದಳು. ಬರಿ ಹಣೆ, ಬರಿ ಕೈ. ತಮ್ಮನ ಕಡೆ ನೋಡಲಿಲ್ಲ. ನೇರ ತಾತನ ಮುಂದೆ ಬಂದು ನಿಂತಳು.

"ತಾತ, ಊರಾಗೆ ಒಬ್ಬೊಬ್ಬರು ಒಂದೊಂದು ಅಂತಾರೆ. ಇವನು ಮುಖಾನೇ ತೋರಿಸಿಲ್ಲ. ನೀವಾದರೂ ಹೇಳಿ. ಅವರಿಗೆ ಬಿದ್ದಿದ್ದು ನಾನು ಕೊಟ್ಟ ಗುಂಡೇನಾ?"

ಅಂಗಳದಲ್ಲಿ ನಾವು ನಾಲ್ಕು ಜನ ಇದ್ದೆವು. ತಾತ ಅಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆ ಒಂದು ಸುಳ್ಳಿಗೆ ಯಾವ ನರಕವೂ ಇಲ್ಲ ಅಂತ ನಾನು ಆಗ ಅಂದುಕೊಂಡೆ, ಇವತ್ತೂ ಅನ್ನುತ್ತೇನೆ.

ತಾತ ಕಟ್ಟೆಯಿಂದ ಇಳಿದ. ಅವಳ ಎದುರು ಬರೀ ನೆಲದ ಮೇಲೆ ಕೂತ.

"ಅದೇ ತಾಯಿ."

ದುರುಗಮ್ಮ ಕಂಬ ಹಿಡಿದುಕೊಂಡಳು. ಆಮೇಲೆ ಕುಸಿದು ಕೂತು, ಆ ಎರಡು ಬರಿಗೈಗಳನ್ನು ತಾತನಿಗೆ ಜೋಡಿಸಿದಳು.

"ಹಂಗಾದರೆ ಎಲ್ಲೋ ನನ್ನ ನೇಮದಾಗೆ ತಪ್ಪಾಗೈತೆ ತಾತ. ಮುಟ್ಟೋ ಮೈಲಿಗೆಯೋ ಏನಾಗಿತ್ತೋ ನನಗೆ ಗೊತ್ತಾಗಲಿಲ್ಲ. ನಾನು ಯಾವ ದೇವರಿಗೆ ತಪ್ಪುಕಾಣಿಕೆ ಕಟ್ಟಲಿ, ನೀವೇ ಹೇಳಿ."

ತಾತ ಅವಳ ಜೋಡಿಸಿದ ಕೈಗಳನ್ನು ಹಿಡಿದು ಬಿಡಿಸಿ, ಅವಳ ಮಡಿಲಲ್ಲಿ ಇಟ್ಟ.

"ನಿನ್ನ ನೇಮದಾಗೆ ಏನೂ ತಪ್ಪಿಲ್ಲ ಕಣವ್ವ, ಆ ಮನೆ ಯಾಕೆ ಖಾಲಿ ಬಿಡಬೇಕು ಅಂತ ಇವನು ಕೇಳಿದಾಗ ಹೇಳದೆ ನಕ್ಕವನು ನಾನು, ಅಮ್ಮನಿಗೆ ಕೈ ಮುಗಿಯೋದು ಬಿಡಬೇಡ, ನನಗೆ ಮುಗಿಯಬೇಡ."