ಕೃಪಮ್ಮ ಯಾವ ಸಭೆಯವಳು?

ಹೊಳೆಯ ಎತ್ತರದ ದಂಡೆಯಲ್ಲೊಂದು ಆಶ್ರಮ. ಹೆಂಚಿನ ಮಾಡು, ಮಣ್ಣಿನ ಜಗಲಿ, ಗೋಡೆಯ ಮೇಲೆ ಒಂದು ಮರದ ಶಿಲುಬೆ. ಅದು ಯಾವ ಕ್ರೈಸ್ತ ಸಭೆಗೂ ಸೇರಿದ್ದಲ್ಲ.

ಅಲ್ಲಿದ್ದ ಮುದಿ ಗುರುಗಳು ಯಾವ ಸಭೆಯಲ್ಲಿ ದೀಕ್ಷಾಸ್ನಾನ ಪಡೆದವರೆಂದು ಯಾರಿಗೂ ತಿಳಿಯದು. ಕೇಳಿದರೆ, "ನೀರಿನಲ್ಲಿ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಾಗ ಶಿಷ್ಯ ಜಯಶೀಲ ಬಂದು ಎದುರು ಕೂತ.

"ಗುರುಗಳೇ, ಕ್ರಿಸ್ತನ ಸಭೆಗಳೆಲ್ಲ ಒಂದಾಗಬೇಕಲ್ಲವೇ?"

"ಆಗಬೇಕು."

"ಆಗುತ್ತವೆಯೇ?"

ಗುರುಗಳು ಒಂದು ಕಲ್ಲು ತೆಗೆದು ಅಂಗಳಕ್ಕೆಸೆದರು.

"ಅದನ್ನು ನನ್ನನ್ನು ಕೇಳಬೇಡ. ಊರೊಳಗೆ ಹೋಗಿ ಕೇಳು."

ಊರು ಆಶ್ರಮದಿಂದ ಕೂಗಳತೆಯ ದೂರ. ಅಲ್ಲಿ ಎರಡು ಚರ್ಚುಗಳು. ಒಂದು ಗುಡ್ಡದ ಮೇಲೆ, ಇನ್ನೊಂದು ಕೆಳಗೆ, ಹೊಳೆಯ ಬದಿಗೆ. ಎರಡೂ ಕಡೆಯವರು ಹಾಲು ಮೊಸರು ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಹೆಣ್ಣು ಕೊಟ್ಟು ತೆಗೆದುಕೊಳ್ಳುತ್ತಿರಲಿಲ್ಲ.

ಜಯಶೀಲ ಊರಿಗೆ ಹೋಗುವ ಮೊದಲೇ ಹೊಳೆ ಬಂತು.

ಮೇಲೆಲ್ಲೋ ಸುರಿದ ಮಳೆಗೆ ನೀರು ಸೇತುವೆಯನ್ನು ಮುಳುಗಿಸಿ, ತಗ್ಗಿನ ಕೇರಿಗೆ ನುಗ್ಗಿತು. ಕೆಳಗಿನ ಚರ್ಚಿನ ಬೆಂಚುಗಳು ತೇಲಿಹೋದವು. ಜನ ಮಕ್ಕಳನ್ನೆತ್ತಿಕೊಂಡು ಗುಡ್ಡ ಹತ್ತಿದರು. ಗುಡ್ಡದ ಚರ್ಚಿನ ಫಾದರ್ ಇನ್ನಾಸಪ್ಪ ಎಲ್ಲ ಬಾಗಿಲುಗಳನ್ನೂ ತೆಗೆಸಿದರು.

ಜಯಶೀಲ ಅಡುಗೆಗೆ ಕೈಹಾಕಲು ಹೋದ. ಎರಡು ಕಡೆಯ ಹೆಂಗಸರೂ ಒಂದೇ ಹಂಡೆಗೆ ಅಕ್ಕಿ ಸುರಿಯುತ್ತಿದ್ದರು. ಕೆಳಗಿನವರ ಮಕ್ಕಳು ಮೇಲಿನವರ ಕಂಬಳಿಯೊಳಗೆ ಮಲಗಿದ್ದರು. ಸಂಜೆ ಯಾರೋ ಒಂದು ಕೀರ್ತನೆ ಎತ್ತಿಕೊಂಡರು. ಅದು ಎಲ್ಲರಿಗೂ ಬರುತ್ತಿತ್ತು.

ಅವನು ಆಶ್ರಮಕ್ಕೆ ಓಡಿ ಬಂದ. ಕಣ್ಣು ತುಂಬಿತ್ತು.

"ಗುರುಗಳೇ, ಒಂದಾದರು! ನಾನೇ ಕಣ್ಣಾರೆ ಕಂಡೆ."

ಗುರುಗಳು ಹೊಳೆಯ ಕಡೆ ನೋಡಿದರು.

"ನೀರು ಇಳಿಯಲಿ" ಎಂದರು.

ಆ ಮಾತು ಜಯಶೀಲನಿಗೆ ಹಿಡಿಸಲಿಲ್ಲ. ಮುದುಕರಿಗೆ ಯಾವುದರಲ್ಲೂ ನಂಬಿಕೆ ಇರುವುದಿಲ್ಲ ಎಂದುಕೊಂಡು ಮತ್ತೆ ಗುಡ್ಡ ಹತ್ತಿದ.

ಗುಡ್ಡದ ಚರ್ಚಿನ ಮೂಲೆಯಲ್ಲಿ ಕೃಪಮ್ಮ ಎಂಬ ಮುದುಕಿ ಮಲಗಿದ್ದಳು. ಕೆಳಗಿನ ಸಭೆಯವಳು. ಅವಳ ಮಗ ಸುಮಿತ್ರ ಆ ಸಭೆಯ ಹಿರಿಯರಲ್ಲಿ ಒಬ್ಬ. ಎದೆಮಟ್ಟದ ನೀರಿನಲ್ಲಿ ತಾಯಿಯನ್ನು ಬೆನ್ನ ಮೇಲೆ ಹೊತ್ತು ತಂದಿದ್ದ. ಅವಳಿಗೆ ಜ್ವರ ಏರಿತ್ತು, ಉಸಿರು ಕಟ್ಟಿ ಕಟ್ಟಿ ಬರುತ್ತಿತ್ತು.

ಅವಳು ಜಯಶೀಲನ ಕೈ ಹಿಡಿದುಕೊಂಡಳು.

"ಮಗಾ, ಹೋಗೋ ಮುಂಚೆ ಒಂದು ಸಲ ಕರ್ತನ ರೊಟ್ಟಿ ಬಾಯಿಗೆ ಬೀಳಲಿ."

"ನಿಮ್ಮ ಪಾಸ್ಟರು ಆಚೆ ದಡದಲ್ಲಿದ್ದಾರಮ್ಮ. ಸೇತುವೆ ಮುಳುಗಿದೆ."

"ಇಲ್ಲಿ ಒಬ್ಬರು ಇದ್ದಾರಲ್ಲ" ಎಂದು ಅವಳು ಬಲಿಪೀಠದ ಕಡೆ ಕಣ್ಣು ಹೊರಳಿಸಿದಳು.

ಸುಮಿತ್ರ ಔಷಧಿ ಹುಡುಕಿಕೊಂಡು ಹೋಗಿದ್ದ. ಜಯಶೀಲ ಫಾದರ್ ಬಳಿಗೆ ಹೋಗಿ ಕೇಳಿದ.

ಫಾದರ್ ಇನ್ನಾಸಪ್ಪ ಮುದುಕಿ ಮಲಗಿದ್ದ ಮೂಲೆಯ ಕಡೆ ನೋಡಿದರು.

"ಅವಳು ನಮ್ಮವಳಲ್ಲ, ತಮ್ಮಾ."

"ಅವಳು ನಿಮ್ಮ ಗಂಜಿ ಕುಡಿದಳು, ಫಾದರ್."

"ಗಂಜಿ ಬೇರೆ."

"ಅವಳಿಗೆ ಹೊತ್ತಿಲ್ಲ. ಕಾಲಿಗೆ ಬೀಳುತ್ತೇನೆ."

ಅವನು ನಿಜವಾಗಿಯೂ ಬಿದ್ದ. ಫಾದರ್ ಅವನನ್ನು ಎಬ್ಬಿಸಿ, ಒಳಗೆ ಹೋಗಿ ಕರ್ತನ ರೊಟ್ಟಿಯಿಡುವ ಪ್ರಸಾದದ ಪೆಟ್ಟಿಗೆಯ ಬೀಗ ತೆಗೆದರು.

ಕೃಪಮ್ಮ ಬಾಯಿ ತೆರೆದಳು. ನಾಲಿಗೆಯ ಮೇಲಿಟ್ಟಿದ್ದನ್ನು ನಿಧಾನವಾಗಿ ನುಂಗಿದಳು.

"ನಮ್ಮದಕ್ಕಿಂತ ತೆಳ್ಳಗಿದೆ" ಎಂದು ನಕ್ಕಳು.

ಸುತ್ತ ಮಲಗಿದ್ದವರು ಎದ್ದು ಕೂತು ನೋಡುತ್ತಿದ್ದರು. ಮೇಲಿನವರೂ ನೋಡಿದರು, ಕೆಳಗಿನವರೂ ನೋಡಿದರು.

ಬೆಳಗಾಗುವಾಗ ಕೃಪಮ್ಮ ಹೋಗಿದ್ದಳು. ಹೊಳೆಯೂ ಇಳಿದಿತ್ತು.

ಸೇತುವೆ ಕಾಣಿಸಿದೊಡನೆ ಕೆಳಗಿನ ಸಭೆಯ ಪಾಸ್ಟರು ಬಂದರು. ಹಿರಿಯರು ಅವರನ್ನು ಪಕ್ಕಕ್ಕೆ ಕರೆದರು. ಮಾತು ಮುಗಿದ ಮೇಲೆ ಪಾಸ್ಟರು ಹೆಣದ ಹತ್ತಿರ ಬರಲಿಲ್ಲ.

"ಕಡೇ ಗಳಿಗೆಯಲ್ಲಿ ಆಯಮ್ಮ ಅವರ ಕೈಯಲ್ಲಿ ತಗೊಂಡು ಅವರವಳಾಗಿ ಹೋದಳು" ಎಂದ ಒಬ್ಬ ಹಿರಿಯ. "ನಮ್ಮ ಸಮಾಧಿ ತೋಟದಲ್ಲಿ ಜಾಗ ಕೊಟ್ಟರೆ ನಾಳೆ ಸಭೆಗೆ ಏನು ಹೇಳುವುದು?"

ಜಯಶೀಲ ಗುಡ್ಡದ ಚರ್ಚಿನವರ ಬಳಿಗೆ ಓಡಿದ.

"ನಮ್ಮಲ್ಲಿ ಹೇಗಾಗುತ್ತೆ?" ಎಂದರು ಅವರು. "ಆಕೆ ನಮ್ಮಲ್ಲಿ ಸೇರಿದವಳಲ್ಲ. ಕೊಡಬಾರದವರಿಗೆ ಫಾದರ್ ಕೊಟ್ಟಿದ್ದೇ ತಪ್ಪು. ಬಿಷಪ್ಪರಿಗೆ ಹೇಳಿ ಕಳಿಸಿದ್ದೇವೆ. ಹೆಣದ ವಿಷಯಕ್ಕೆ ಫಾದರ್ ಬರಕೂಡದು."

ಅವನು ಕೆಳಗೆ ಬಂದ, ಮತ್ತೆ ಮೇಲೆ ಹೋದ. ಶಾಸ್ತ್ರ ಹೇಳಿದ, ಅತ್ತ, ಕೂಗಾಡಿದ. ಬಿಸಿಲೇರಿತು. ಅಂಗಳದಲ್ಲಿ ಹಂಡೆ ಬೋರಲು ಬಿದ್ದಿತ್ತು. ಹೆಂಗಸರು ತಮ್ಮ ತಮ್ಮ ಪಾತ್ರೆಗಳನ್ನು ಬೇರೆ ಮಾಡಿಕೊಳ್ಳುತ್ತಿದ್ದರು.

ಸುಮಿತ್ರ ತಾಯಿಯ ಕಾಲ ಬಳಿ ಕೂತಿದ್ದ.

"ನೀವಾದರೂ ಹೇಳಿ, ಸುಮಿತ್ರಣ್ಣ. ನೀವು ಹಿರಿಯರಲ್ಲೊಬ್ಬರು. ಸ್ವಂತ ತಾಯಿ."

"ಬರುವ ತಿಂಗಳು ಅದೇ ಸಭೆಯಲ್ಲಿ ನನ್ನ ಮಗಳ ಮದುವೆ" ಎಂದ ಸುಮಿತ್ರ. ತಲೆ ಎತ್ತಲಿಲ್ಲ. "ನಾನೇನು ಹೇಳಲಿ? ನನ್ನನ್ನು ಕೇಳದೆ ರೊಟ್ಟಿ ಕೊಡಿಸಿದಿರಿ. ಈಗ ಮಣ್ಣನ್ನೂ ನೀವೇ ಕೊಡಿಸಿ."

ಜಯಶೀಲ ಒಂದು ಎತ್ತಿನ ಗಾಡಿ ಕೇಳಿ ತಂದ. ಗಾಡಿ ಊರು ದಾಟುವಾಗ ಎರಡೂ ಕೇರಿಯ ಜನ ಬಾಗಿಲಿಗೆ ಬಂದು ನಿಂತರು. ಹಿಂದೆ ನಡೆದು ಬಂದವನು ಸುಮಿತ್ರ ಒಬ್ಬನೇ. ಅವನೂ ಆಶ್ರಮದ ಬೇಲಿಯ ತನಕ ಬಂದು ನಿಂತುಬಿಟ್ಟ.

ಗುರುಗಳು ಗಾಡಿಯ ಕಡೆ ಒಮ್ಮೆ ನೋಡಿದರು. ಗುದ್ದಲಿ ತಂದು ಹುಣಸೆಮರದ ಆಚೆ ನೆಲಕ್ಕೆ ಏಟು ಹಾಕಿದರು.

ಸ್ವಲ್ಪ ಹೊತ್ತಿಗೆ ಫಾದರ್ ಇನ್ನಾಸಪ್ಪ ಬಂದರು. ನಿಲುವಂಗಿ ಇರಲಿಲ್ಲ; ಪಂಚೆ ಎತ್ತಿ ಕಟ್ಟಿದ್ದರು.

"ಪ್ರಾರ್ಥನೆ ಮಾಡಕೂಡದು ಎಂದಿದ್ದಾರೆ, ಅಯ್ಯನವರೇ" ಎಂದರು. "ಅಗೆಯಕೂಡದು ಎಂದಿಲ್ಲ."

ಗುರುಗಳು ಅವರ ಕೈಗೆ ಗುದ್ದಲಿ ಕೊಟ್ಟು, ತಾವು ಮಂಕರಿ ಹಿಡಿದರು. ನೆರೆ ಕುಡಿದ ಮಣ್ಣು ಸೀಸದಂತೆ ಭಾರವಾಗಿತ್ತು. ಮೂವರೂ ಸರದಿಯಂತೆ ಅಗೆದರು. ಎದೆಯಾಳಕ್ಕೆ ಇಳಿದಾಗ ತಳದಲ್ಲಿ ನೀರು ಜಿನುಗಿತು.

ಫಾದರ್ ಹೆಗಲ ಮೇಲಿದ್ದ ವಲ್ಲಿಯ ತುದಿಯಲ್ಲಿ ಮುಖ ಒರೆಸಿಕೊಂಡರು. ಅದು ಕಣ್ಣೀರೋ, ಬೆವರೋ, ಜಯಶೀಲನಿಗೆ ತಿಳಿಯಲಿಲ್ಲ.

"ನಾನು ಬೇಡಿಕೊಳ್ಳದೆ ಹೋಗಿದ್ದರೆ ಆಕೆ ಕೆಳಗಿನ ಸಮಾಧಿ ತೋಟದಲ್ಲಿ ತನ್ನ ಗಂಡನ ಪಕ್ಕದಲ್ಲಿ ಮಲಗುತ್ತಿದ್ದಳು" ಎಂದ ಜಯಶೀಲ.

"ಹೌದು" ಎಂದರು ಗುರುಗಳು.

"ಹಾಗಾದರೆ ನಾನು ತಪ್ಪು ಮಾಡಿದೆನೇ?"

"ಹಸಿದವಳಿಗೆ ಕೊಡಿಸಿದೆ."

"ಹಾಗಾದರೆ ಸರಿ ಮಾಡಿದೆನೇ?"

"ಅವಳನ್ನು ಇಲ್ಲಿ ಹೂಳುತ್ತಿದ್ದೇವೆ."

ಜಯಶೀಲ ಗುಂಡಿಯ ಅಂಚಿನಲ್ಲಿ ಕುಸಿದು ಕೂತ.

"ಇವರು ಎಂದೂ ಒಂದಾಗುವುದಿಲ್ಲ, ಗುರುಗಳೇ."

"ಒಂದಾದರಲ್ಲ" ಎಂದರು ಗುರುಗಳು. "ಇವಳು ನಮ್ಮವಳಲ್ಲ ಎಂದು ಎರಡು ಸಭೆಯೂ ಒಂದೇ ಬಾಯಲ್ಲಿ ಹೇಳಿದವು."

ಹಗ್ಗ ಹಿಡಿದು ಅವಳನ್ನು ಇಳಿಸಿದರು. ಸುಮಿತ್ರ ಬೇಲಿ ದಾಟಿ ಬಂದು, ಒಂದು ತುದಿಯನ್ನು ತಾನೂ ಹಿಡಿದ. ಇಳಿಸಿದ ಮೇಲೆ ಹಿಂದೆ ಸರಿದು ನಿಂತ. ಅವನು ಯಾರ ಮುಖವನ್ನೂ ನೋಡಲಿಲ್ಲ.

ಜಯಶೀಲ ಕೈ ಜೋಡಿಸಿದ. ಪ್ರಾರ್ಥನೆಗೆ ಬಾಯಿ ತೆರೆದವನಿಗೆ ಮೊದಲ ಮಾತಿನಲ್ಲೇ ನಾಲಿಗೆ ತಡೆಯಿತು. ಕೃಪಮ್ಮನ ಸಭೆಯಲ್ಲಿ ದೇವರಿಗೆ 'ನೀನು' ಎನ್ನುತ್ತಾರೆ. ಗುಡ್ಡದ ಚರ್ಚಿನಲ್ಲಿ 'ನೀವು' ಎನ್ನುತ್ತಾರೆ. ಒಂದು ಬದಿಗೆ ಸುಮಿತ್ರ ನಿಂತಿದ್ದ, ಇನ್ನೊಂದು ಬದಿಗೆ ಫಾದರ್ ನಿಂತಿದ್ದರು.

ಅವನು ಗುರುಗಳ ಕಡೆ ತಿರುಗಿದ.

"ಏನೆಂದು ಕರೆಯಲಿ, ಗುರುಗಳೇ?"

ಗುರುಗಳು ಬಗ್ಗಿ ಒಂದು ಹಿಡಿ ಒದ್ದೆ ಮಣ್ಣು ತೆಗೆದುಕೊಂಡರು.

"ಅವಳ ಪ್ರಾರ್ಥನೆಯನ್ನು ಅವಳೇ ಮುಗಿಸಿಕೊಂಡು ಹೋಗಿದ್ದಾಳೆ. ಇವತ್ತು ದೇವರನ್ನು ಕರೆಯುವ ಮುಖ ನಮಗಿಲ್ಲ, ಜಯಶೀಲ. ಮಣ್ಣು ಹಾಕು."